ಪರಸಿ ಕಲ್ಲಿನ ಪಾಠ: ಆಡಕಿ ಸುತ್ತಲಿನ ನೆಲವನ್ನು ಓದೋದು ಹೇಗೆ?

ನಮ್ಮ ಕಡೆ ಮನೆ ಅಂದ್ರೆ ಪರಸಿ. ನೆಲಕ್ಕೆ ಪರಸಿ, ಕಟ್ಟೆಗೆ ಪರಸಿ, ಅಡುಗೆಮನೆಯ ಶೆಲ್ಫಿಗೂ ಪರಸಿ. ಬೆಂಗಳೂರಿನ ಕಡೆಯವರು ಇದನ್ನೇ ‘ಶಹಾಬಾದ್ ಕಲ್ಲು’ ಅಂತಾರೆ. ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಹರಟೆ ಹೊಡೆಯುವಾಗ ಈ ಕಲ್ಲಿನ ಮೇಲೇ ಕೂತಿರ್ತೀವಿ. ಆದರೆ ಅದರ ವಯಸ್ಸೆಷ್ಟು, ಅದನ್ನು ಮೊದಲು ಕೈಗೆತ್ತಿಕೊಂಡವರು ಯಾರು ಅಂತ ಕೇಳಿದವರು ಕಡಿಮೆ.

ಸೇಡಂ ತಾಲೂಕಿನ ಆಡಕಿಯನ್ನು ನಡುವೆ ಇಟ್ಟುಕೊಂಡು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೇರಿಸಿ ನಕ್ಷೆಯ ಮೇಲೊಂದು ಗೆರೆ ಎಳೀರಿ. ಹೊರಗಿನವರ ಕಣ್ಣಿಗೆ ಈ ಗೆರೆಯೊಳಗೆ ಕಾಣೋದು ಬಿಸಿಲು, ತೊಗರಿ, ಸಿಮೆಂಟ್ ಧೂಳು. ಸಂಶೋಧಕರಿಗೆ ಮಾತ್ರ ಇದು ನೂರೈವತ್ತು ವರ್ಷದಿಂದ ತೆರೆದಿಟ್ಟ ಪುಸ್ತಕ. ಈ ಲೇಖನದಲ್ಲಿ ಆ ಪುಸ್ತಕದ ಐದು ಅಧ್ಯಾಯಗಳನ್ನು ನೋಡೋಣ. ‘ಏನು ಗೊತ್ತಾಯ್ತು’ ಅನ್ನೋದರ ಜೊತೆಗೆ ‘ಹೇಗೆ ಗೊತ್ತಾಯ್ತು’ ಅನ್ನೋದಕ್ಕೂ ಅಷ್ಟೇ ಜಾಗ ಕೊಟ್ಟಿದ್ದೇವೆ. ನಾವು ಇಂಜಿನಿಯರಿಂಗ್ ಓದುವವರು, ಉತ್ತರಕ್ಕಿಂತ ವಿಧಾನದ ಮೇಲೆ ನಮಗೆ ಹೆಚ್ಚು ಆಸಕ್ತಿ ಇರಬೇಕು.

1. ಕಲ್ಲು ಹುಟ್ಟಿದ ಕಥೆ

ಭೂವಿಜ್ಞಾನಿಗಳು ನಮ್ಮ ಸುಣ್ಣಕಲ್ಲಿನ ನೆಲವನ್ನು ‘ಭೀಮಾ ಜಲಾನಯನ’ ಅಥವಾ ‘ಭೀಮಾ ಗುಂಪು’ ಅಂತ ಕರೀತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ 1872ರಲ್ಲಿ ಈ ಹೆಸರು ಬಳಕೆಗೆ ತಂದ. ನಾಲ್ಕು ವರ್ಷದ ನಂತರ ರಾಬರ್ಟ್ ಬ್ರೂಸ್ ಫೂಟ್ ತನ್ನ ವರದಿಯಲ್ಲಿ ಈ ಪ್ರದೇಶವನ್ನು ವಿವರವಾಗಿ ಬರೆದ. 1863ರಲ್ಲಿ ಮದ್ರಾಸಿನ ಪಲ್ಲಾವರಂನಲ್ಲಿ ಭಾರತದ ಮೊದಲ ಹಳೆ ಶಿಲಾಯುಗದ ಆಯುಧವನ್ನು ಗುರುತಿಸಿದವನೂ ಇದೇ ಫೂಟ್.

ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳು ಮತ್ತು ಪಕ್ಕದ ತೆಲಂಗಾಣದ ಸ್ವಲ್ಪ ಭಾಗ ಸೇರಿ ಸುಮಾರು 5,000 ಚದರ ಕಿಲೋಮೀಟರಿಗೂ ಹೆಚ್ಚು ಜಾಗದಲ್ಲಿ ಈ ಪದರಗಳಿವೆ. ಅಡಿಯಲ್ಲಿ ಹಳೆಯ ಗ್ರಾನೈಟ್. ಅದರ ಮೇಲೆ ಮರಳುಗಲ್ಲು ಮತ್ತು ಜೇಡಿಕಲ್ಲು, ಅದರ ಮೇಲೆ ಸುಣ್ಣಕಲ್ಲು, ನಡುನಡುವೆ ಮತ್ತೆ ಜೇಡಿಕಲ್ಲು. ಒಂದು ಸುಣ್ಣಕಲ್ಲಿನ ಪದರಕ್ಕೆ ಶಹಾಬಾದ್ ಊರಿನ ಹೆಸರನ್ನೇ ಇಟ್ಟಿದ್ದಾರೆ. ಅಂದ್ರೆ ಜಗತ್ತಿನ ಯಾವ ಮೂಲೆಯ ಭೂವಿಜ್ಞಾನಿ ಈ ಪದರದ ಬಗ್ಗೆ ಬರೆದರೂ ನಮ್ಮೂರಿನ ಹೆಸರು ಬರೀಲೇಬೇಕು.

ಈ ಕಲ್ಲು ಹುಟ್ಟಿದ್ದು ಆಳವಿಲ್ಲದ ಸಮುದ್ರದ ತಳದಲ್ಲಿ. ಹೌದು, ಸೇಡಂನಲ್ಲಿ ಒಂದು ಕಾಲಕ್ಕೆ ಸಮುದ್ರ ಇತ್ತು! ನುಣ್ಣನೆಯ ಸುಣ್ಣದ ಕೆಸರು ಪದರ ಪದರವಾಗಿ ಕೂತು ಗಟ್ಟಿಯಾಯಿತು. ಅದಕ್ಕೇ ಗಣಿಯಲ್ಲಿ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದರೆ ಕಲ್ಲು ಹಪ್ಪಳದ ಕಟ್ಟಿನಂತೆ ಹಲಗೆ ಹಲಗೆಯಾಗಿ ಬಿಡುತ್ತದೆ. ಕಲ್ಲು ಬಿಡಿಸುವವರು ‘ಪದರ ನೋಡಿ ಹೊಡಿ’ ಅಂತಾರಲ್ಲ, ಅದು ಸಮುದ್ರದ ತಳ ಒಂದೊಂದೇ ಸಲ ಕೂತ ಗುರುತು.

ಈ ಕಲ್ಲಿನಲ್ಲಿ ಶಂಖ, ಚಿಪ್ಪು, ಮೀನಿನ ಮೂಳೆ ಹುಡುಕಿದರೆ ಸಿಗೋದಿಲ್ಲ. ಆ ಕಾಲಕ್ಕೆ ಚಿಪ್ಪು ಕಟ್ಟುವ ಪ್ರಾಣಿಗಳೇ ಭೂಮಿ ಮೇಲೆ ಇರಲಿಲ್ಲ. ಡೈನೋಸಾರುಗಳಿಗಿಂತ ಇದು ಎಷ್ಟೋ ಕೋಟಿ ವರ್ಷ ಹಿಂದಿನ ಮಾತು. ಆದರೂ ಜೀವದ ಗುರುತು ಇದೆ. ಭೀಮಾ ಗುಂಪಿನ ಹಲಕಲ್ ಜೇಡಿಕಲ್ಲಿನಲ್ಲಿ ‘ಚುವಾರಿಯಾ’ ಅನ್ನೋ ಕಪ್ಪು ದುಂಡನೆಯ ಚುಕ್ಕೆಗಳು ಸಿಕ್ಕಿವೆ. ಬರಿಗಣ್ಣಿಗೆ ಕಾಣುವ, ಇಂಗಾಲದ ತೆಳು ಪೊರೆಯಾಗಿ ಉಳಿದ ಪ್ರಾಚೀನ ಜೀವಿಗಳ ಅಚ್ಚು ಅವು. ಕಲ್ಲಿನ ಮೇಲೆ ಕಪ್ಪು ಚುಕ್ಕೆ ಕಂಡರೆ ‘ಡ್ಯಾಮೇಜ್ ಪೀಸ್’ ಅಂತ ಬಿಸಾಡುವ ಮುಂಚೆ ಒಮ್ಮೆ ನೋಡ್ರಿ.

ಚಿಂಚೋಳಿ ಕಡೆ ಹೋದರೆ ಬಣ್ಣ ಬದಲಾಗುತ್ತದೆ. ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ ದಖ್ಖನ್ನಿನ ದೊಡ್ಡ ಭಾಗವನ್ನು ಮುಚ್ಚಿತು. ಆ ಕಪ್ಪು ಬಸಾಲ್ಟ್ ಕಲ್ಲು ಸವೆದು ನಮ್ಮ ಎರೆಮಣ್ಣು ಆಯಿತು. ಒಂದು ಲಾವಾ ಪ್ರವಾಹಕ್ಕೂ ಮುಂದಿನದಕ್ಕೂ ನಡುವೆ ಬಿಡುವು ಇದ್ದಾಗ ಅಲ್ಲಲ್ಲಿ ಕೆರೆಗಳು ಹುಟ್ಟಿದ್ದವು. ಗುರುಮಠಕಲ್ ಹತ್ತಿರ ಅಂಥ ಕೆರೆಗಳ ಹೂಳು ಕಲ್ಲಾಗಿ ಉಳಿದಿದೆ. ಅದರಲ್ಲಿ ಸಿಹಿನೀರಿನ ಸೂಕ್ಷ್ಮ ಜೀವಿಗಳ ಪಳೆಯುಳಿಕೆಗಳು ಸಿಕ್ಕಿವೆ. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತಲ್ಲ, ಅದರ ಬೇರು ಇರೋದೂ ಈ ಲಾವಾ ಮಣ್ಣಿನಲ್ಲೇ.

ಈಗ ಸ್ವಲ್ಪ ಲೆಕ್ಕ. ಸುಣ್ಣಕಲ್ಲು ಅಂದ್ರೆ ಕ್ಯಾಲ್ಸಿಯಂ ಕಾರ್ಬೊನೇಟ್. ಅದರ ಅಣುತೂಕ 100. ಗೂಡಿನಲ್ಲಿ ಸುಮಾರು 900 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿದರೆ 56 ಭಾಗ ಸುಣ್ಣ, 44 ಭಾಗ ಇಂಗಾಲದ ಡೈಆಕ್ಸೈಡ್. ಅಂದ್ರೆ ಒಂದು ಟನ್ ಶುದ್ಧ ಸುಣ್ಣಕಲ್ಲು ಸುಟ್ಟರೆ 440 ಕೆಜಿ ಅನಿಲ ಮೇಲೆ ಹೋಗುತ್ತದೆ. ಗೂಡಿಗೆ ಹಾಕುವ ಕಲ್ಲಿದ್ದಲಿನ ಹೊಗೆ ಬೇರೆ. ಕ್ಲಿಂಕರ್ ಮಾಡೋಕೆ ಗೂಡು ಸುಮಾರು 1450 ಡಿಗ್ರಿಗೆ ಏರಬೇಕು. ಹಳೆಯ ಸಮುದ್ರವೊಂದು ಹಿಡಿದು ಕಲ್ಲಿನೊಳಗೆ ಕಟ್ಟಿಟ್ಟಿದ್ದ ಇಂಗಾಲವನ್ನು ನಾವು ಒಂದೇ ಪಾಳಿಯಲ್ಲಿ ಬಿಟ್ಟು ಕಳಿಸ್ತೀವಿ. ಸಿಮೆಂಟಿನ ಕಾರ್ಬನ್ ಸಮಸ್ಯೆ ಯಾಕೆ ಬರೀ ಇಂಧನ ಬದಲಿಸಿದರೆ ತೀರೋದಿಲ್ಲ ಅನ್ನೋದಕ್ಕೆ ಈ 100, 56, 44 ಸಾಕು.

2. ಮೊದಲ ಗಣಿ ಕೆಲಸಗಾರರು

ಶಹಾಬಾದ್ ಗಣಿಗಳು ಹಳೆಯವು ಅಂತೀವಿ. ಎಷ್ಟು ಹಳೆಯವು? ಇದೇ ಭೀಮಾ ಸುಣ್ಣಕಲ್ಲಿನ ಮೇಲೆ, ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯಲ್ಲಿ ಇಸಾಂಪುರ ಅನ್ನೋ ಊರಿದೆ. 2009ರ ಕೊನೆಯ ತನಕ ಅದು ನಮ್ಮ ಜಿಲ್ಲೆಯದ್ದೇ. ನೀರಾವರಿ ಕೆಲಸಕ್ಕೆ ಅಲ್ಲಿ ಮೇಲ್ಮಣ್ಣು ತೆಗೆದಾಗ ಕೆಳಗಿನ ಹಳೆಯ ಪದರ ಬಯಲಾಯಿತು. ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1983ರಲ್ಲಿ ಅದನ್ನು ಗುರುತಿಸಿದರು, 1990ರ ದಶಕದ ಕೊನೆಯಲ್ಲಿ ಉತ್ಖನನ ನಡೆಸಿದರು.

ಸಿಕ್ಕಿದ್ದು ಒಂದು ಕಲ್ಲಿನ ಕಾರ್ಖಾನೆ. ತಾನಾಗಿಯೇ ಒಡೆದು ಬಿದ್ದ ಸುಣ್ಣಕಲ್ಲಿನ ಹಲಗೆಗಳಲ್ಲಿ ಬೇಕಾದ ದಪ್ಪದ್ದನ್ನು ಆರಿಸಿ, ಅಲ್ಲೇ ಕೂತು ಒಡೆದು ಕೈಗೊಡಲಿ ಮಾಡಿದ್ದರು. ಅರ್ಧ ಮಾಡಿ ಬಿಟ್ಟವು, ಚಕ್ಕೆಗಳು, ಹೊಡೆಯಲು ಬಳಸಿದ ಸುತ್ತಿಗೆಗಲ್ಲುಗಳು ಎಲ್ಲ ಒಂದೇ ಕಡೆ ಇದ್ದವು. ಸುತ್ತಿಗೆಗಲ್ಲುಗಳು ಸುಣ್ಣಕಲ್ಲಿನವಲ್ಲ, ಅದಕ್ಕಿಂತ ಗಟ್ಟಿಯಾದ ಬಸಾಲ್ಟ್, ಕ್ವಾರ್ಟ್ಜೈಟ್, ಚರ್ಟ್. ಯಾವ ವಸ್ತುವಿನಿಂದ ಯಾವುದನ್ನು ಕತ್ತರಿಸಬೇಕು ಅನ್ನೋ ಮೆಟೀರಿಯಲ್ ಸೈನ್ಸ್ ಅವರಿಗೆ ಗೊತ್ತಿತ್ತು.

ಕಾಲ? ಸುಮಾರು 12 ಲಕ್ಷ ವರ್ಷ. ನಮ್ಮ ಜಾತಿಯ ಮನುಷ್ಯ ಹುಟ್ಟುವುದಕ್ಕೂ ಬಹಳ ಮುಂಚೆ, ನಮ್ಮ ಹಿಂದಿನ ಮಾನವ ಜಾತಿಯೊಂದು ಇಲ್ಲಿ ಪದರ ನೋಡಿ ಕಲ್ಲು ಹೊಡೆದಿದೆ.

ಈ 12 ಲಕ್ಷ ಅನ್ನೋ ಅಂಕಿ ಎಲ್ಲಿಂದ ಬಂತು? ಕಾರ್ಬನ್-14 ಇಲ್ಲಿ ಕೆಲಸಕ್ಕೆ ಬರೋದಿಲ್ಲ. ಅದರ ಅರ್ಧಾಯುಷ್ಯ 5,730 ವರ್ಷ, ಹಾಗಾಗಿ ಐವತ್ತು ಸಾವಿರ ವರ್ಷ ದಾಟಿದರೆ ಅಳೆಯೋಕೆ ಏನೂ ಉಳಿಯೋದಿಲ್ಲ. ಇಸಾಂಪುರದಲ್ಲಿ ಬಳಸಿದ್ದು ಎಲೆಕ್ಟ್ರಾನ್ ಸ್ಪಿನ್ ರೆಸೊನೆನ್ಸ್, ಅಂದ್ರೆ ಇ.ಎಸ್.ಆರ್. ಅಲ್ಲಿ ಸಿಕ್ಕ ಸಸ್ಯಾಹಾರಿ ಪ್ರಾಣಿಗಳ ಹಲ್ಲಿನ ಎನಾಮಲ್ ಮೇಲೆ ಈ ಪರೀಕ್ಷೆ ನಡೆಯಿತು. ತತ್ವ ಹೀಗೆ:

ಹೂತುಹೋದ ಹಲ್ಲಿಗೆ ಸುತ್ತಲಿನ ಮಣ್ಣಿನ ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂನಿಂದ ವಿಕಿರಣ ಬೀಳ್ತಾ ಇರುತ್ತದೆ. ಆ ಹೊಡೆತಕ್ಕೆ ಎಲೆಕ್ಟ್ರಾನುಗಳು ಜಾಗ ಬಿಟ್ಟು ಎದ್ದು, ಹರಳಿನ ದೋಷಗಳಲ್ಲಿ ಸಿಕ್ಕಿಹಾಕಿಕೊಳ್ಳುತ್ತವೆ. ಕಾಲ ಕಳೆದಷ್ಟೂ ಸಿಕ್ಕಿಬಿದ್ದವುಗಳ ಸಂಖ್ಯೆ ಹೆಚ್ಚುತ್ತದೆ. ಇವು ಜೊತೆಯಿಲ್ಲದ ಎಲೆಕ್ಟ್ರಾನುಗಳಾದ್ದರಿಂದ ಕಾಂತಕ್ಷೇತ್ರದಲ್ಲಿಟ್ಟು ಮೈಕ್ರೋವೇವ್ ಹಾಯಿಸಿದರೆ ನಿರ್ದಿಷ್ಟ ಹಂತದಲ್ಲಿ ಶಕ್ತಿ ಹೀರುತ್ತವೆ. ಆ ಸಿಗ್ನಲಿನ ಎತ್ತರದಿಂದ ಒಟ್ಟು ವಿಕಿರಣ ಎಷ್ಟು ಬಿದ್ದಿದೆ ಅಂತ ತಿಳಿಯುತ್ತದೆ. ಆಮೇಲೆ ಲೆಕ್ಕ ಸುಲಭ: ಒಟ್ಟು ಡೋಸ್ ಭಾಗಿಸು ವರ್ಷದ ಡೋಸ್, ಉತ್ತರ ವಯಸ್ಸು.

ನಲ್ಲಿ ಕೆಳಗೆ ಇಟ್ಟ ಕೊಡ ಎಷ್ಟು ತುಂಬಿದೆ, ನಿಮಿಷಕ್ಕೆ ಎಷ್ಟು ನೀರು ಬೀಳುತ್ತದೆ ಅಂತ ಗೊತ್ತಿದ್ದರೆ ನಲ್ಲಿ ಯಾವಾಗ ಬಿಟ್ಟರು ಅಂತ ಹೇಳಬಹುದಲ್ಲ, ಹಾಗೇ. ತೊಡಕು ಒಂದಿದೆ. ಹಲ್ಲು ಕಾಲಕ್ರಮೇಣ ತಾನೇ ಯುರೇನಿಯಂ ಹೀರಿಕೊಳ್ಳುತ್ತದೆ, ಅಂದ್ರೆ ನಲ್ಲಿಯ ಧಾರೆ ಒಂದೇ ಸಮ ಇರೋದಿಲ್ಲ. ಅದು ಹೇಗೆ ಹೆಚ್ಚಿತು ಅನ್ನೋದಕ್ಕೆ ಮಾದರಿ ಇಟ್ಟುಕೊಂಡೇ ಲೆಕ್ಕ ಹಾಕಬೇಕು. ಅದಕ್ಕೇ ಇಂಥ ವಯಸ್ಸಿನ ಜೊತೆಗೆ ಯಾವಾಗಲೂ ‘ಹೆಚ್ಚು ಕಡಿಮೆ ಇಷ್ಟು’ ಅನ್ನೋ ಅಂತರ ಬರೀತಾರೆ. ಲ್ಯಾಬ್ ರೆಕಾರ್ಡಿನಲ್ಲಿ ಎರರ್ ಬರೆಯದೆ ರೀಡಿಂಗ್ ಮಾತ್ರ ಬರೆಯುವ ನಮ್ಮ ಅಭ್ಯಾಸ ಇಲ್ಲಿ ನಡೆಯೋದಿಲ್ಲ.

3. ಸನ್ನತಿ, ಕನಗನಹಳ್ಳಿ, ಮಳಖೇಡ

19ನೇ ಶತಮಾನದ ನಡುವೆ ಸುರಪುರದಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಜೇವರ್ಗಿ ಸುತ್ತಲಿನ ಬೃಹತ್ ಶಿಲಾಯುಗದ ಕಲ್ಗೋರಿಗಳನ್ನು ಅಗೆಸಿ ನೋಡಿದ. ಆ ಕಾಲದ ಬಹಳ ಜನ ಅಗೆದದ್ದು ನಿಧಿಯ ಆಸೆಗೆ. ಟೇಲರ್ ಗುಂಡಿಯ ಅಡ್ಡ ಸೀಳಿಕೆಯ ಚಿತ್ರ ಬರೆದು, ಯಾವ ಪದರದಲ್ಲಿ ಮೂಳೆ, ಯಾವ ಪದರದಲ್ಲಿ ಮಡಕೆ ಅಂತ ಗುರುತಿಸಿದ. ಅಂದ್ರೆ ಸೆಕ್ಷನಲ್ ವ್ಯೂ! ಮೊದಲ ಸೆಮಿಸ್ಟರಿನಲ್ಲಿ ಬೈಕೊಂಡು ಕಲಿತ ಡ್ರಾಯಿಂಗಿನ ಬೆಲೆ ಇಲ್ಲಿ ಗೊತ್ತಾಗುತ್ತದೆ. ವಸ್ತು ಮ್ಯೂಸಿಯಮ್ಮಿಗೆ ಹೋದ ಮೇಲೂ ಚಿತ್ರ ಇದ್ದರೆ ಸಾಕ್ಷಿ ಉಳಿಯುತ್ತದೆ.

ಚಿತ್ತಾಪುರ ತಾಲೂಕಿನ ಸನ್ನತಿ ಭೀಮಾ ದಂಡೆಯ ಊರು. ಚಂದ್ರಲಾಂಬಾ ಗುಡಿಯಿಂದ ಎಲ್ಲರಿಗೂ ಪರಿಚಿತ. 1954ರಲ್ಲಿ ಕಪಟರಾಳ ಕೃಷ್ಣರಾಯರು ಇಲ್ಲಿನ ಪ್ರಾಚೀನ ಅವಶೇಷಗಳತ್ತ ವಿದ್ವಾಂಸರ ಗಮನ ಸೆಳೆದರು. 1986ರಲ್ಲಿ ಆವರಣದ ಕಾಳಿ ಗುಡಿಯ ಮಾಳಿಗೆ ಕುಸಿಯಿತು. ಮುಂದೆ ಅಲ್ಲಿ ವಿಗ್ರಹದ ಪೀಠವಾಗಿದ್ದ ಕಲ್ಲನ್ನು ನೋಡಿದರೆ ಅದರ ತುಂಬ ಬ್ರಾಹ್ಮಿ ಅಕ್ಷರ. ಪ್ರಾಕೃತ ಭಾಷೆಯ ಅಶೋಕನ ಶಾಸನಗಳು! 12 ಮತ್ತು 14ನೇ ಶಿಲಾಶಾಸನದ ಭಾಗಗಳು, ಜೊತೆಗೆ ಅದುವರೆಗೆ ಕಳಿಂಗದಲ್ಲಿ, ಅಂದ್ರೆ ಒಡಿಶಾದಲ್ಲಿ ಮಾತ್ರ ಗೊತ್ತಿದ್ದ ಎರಡು ಪ್ರತ್ಯೇಕ ಶಾಸನಗಳು. ವಿಗ್ರಹ ಕೂರಿಸಲು ಕಲ್ಲಿನ ನಡುವೆ ತೂತು ಕೊರೆದಿದ್ದರಿಂದ ಕೆಲವು ಅಕ್ಷರಗಳು ಹೋಗಿಯೇಬಿಟ್ಟಿವೆ.

ಪಕ್ಕದ ಕನಗನಹಳ್ಳಿಯಲ್ಲಿ 1994ರಿಂದ ಕೆಲವು ವರ್ಷ ಭಾರತೀಯ ಪುರಾತತ್ವ ಸರ್ವೇಕ್ಷಣೆ ಕೆ.ಪಿ. ಪೂಣಚ್ಚ ಅವರ ನೇತೃತ್ವದಲ್ಲಿ ಉತ್ಖನನ ನಡೆಸಿತು. ಒಂದು ದೊಡ್ಡ ಬೌದ್ಧ ಸ್ತೂಪವೇ ಹೊರಬಂತು. ಅದರ ಮೈಗೆ ಹೊದಿಸಿದ್ದ ಕೆತ್ತನೆಯ ಹಲಗೆಗಳು ನಮ್ಮದೇ ಸುಣ್ಣಕಲ್ಲಿನವು. ಒಂದು ಹಲಗೆಯ ಮೇಲೆ ರಾಣಿ ಮತ್ತು ಪರಿವಾರದವರ ನಡುವೆ ನಿಂತ ರಾಜ, ಅವನ ಚಿತ್ರದ ಜೊತೆಗೆ ಬ್ರಾಹ್ಮಿಯಲ್ಲಿ ‘ರಾಯ ಅಶೋಕ’ ಅನ್ನೋ ಅರ್ಥದ ಹೆಸರು. ಅಶೋಕನ ಹೆಸರು ಬರೆದ ಪ್ರಾಚೀನ ಚಿತ್ರ ಅಂತ ಇದು ಜಗತ್ತಿಗೇ ಪರಿಚಿತ. ಬೇರೆ ಹಲಗೆಗಳಲ್ಲಿ ಶಾತವಾಹನ ರಾಜರ ಹೆಸರುಗಳಿವೆ. ಪುರಾಣಗಳ ಪಟ್ಟಿಯಲ್ಲಿ ಮಾತ್ರ ಓದುತ್ತಿದ್ದ ಕೆಲವು ಹೆಸರುಗಳಿಗೆ ಇಲ್ಲಿ ಕಲ್ಲಿನ ಸಾಕ್ಷಿ ಸಿಕ್ಕಿತು.

ಹೀಗೆ ಕಲ್ಲು ಹುಡುಕಿದವರಲ್ಲಿ ನಮ್ಮ ವೃತ್ತಿಯವರೂ ಇದ್ದಾರೆ. ‘ದೇವಾನಾಂಪ್ರಿಯ’ ಅಂದ್ರೆ ಅಶೋಕನೇ ಅಂತ ಖಾತ್ರಿ ಮಾಡಿದ ರಾಯಚೂರು ಜಿಲ್ಲೆಯ ಮಸ್ಕಿ ಶಾಸನವನ್ನು 1915ರಲ್ಲಿ ಕಂಡವನು ಬೀಡನ್ ಅನ್ನೋ ಚಿನ್ನದ ಗಣಿಯ ಇಂಜಿನಿಯರ್. ಅದಿರು ಹುಡುಕುತ್ತಾ ಹೋದವನು ಅಕ್ಷರ ಕಂಡಾಗ ನಿಂತ. ಅವನು ನಿಲ್ಲದೇ ಹೋಗಿದ್ದರೆ?

ಸೇಡಂ ತಾಲೂಕಿನ ಮಳಖೇಡಕ್ಕೆ ಬರೋಣ. ಕಾಗಿಣಾ ದಂಡೆಯ ಈ ಊರು ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗ ಸುಮಾರು 814ರಿಂದ 878ರ ತನಕ ಆಳಿದ. ಕವಿರಾಜಮಾರ್ಗದ ಊರು ಅಂತ ನಮಗೆಲ್ಲ ಹೈಸ್ಕೂಲಿನಲ್ಲೇ ಗೊತ್ತು. ಅದೇ ರಾಜನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಪುಸ್ತಕದ ಆರಂಭದಲ್ಲಿ ಅಮೋಘವರ್ಷನನ್ನು ಹೊಗಳಿದ್ದಾನೆ. ಎನ್ ವಸ್ತುಗಳಲ್ಲಿ ಆರ್ ವಸ್ತು ಆರಿಸುವ ಎನ್-ಸಿ-ಆರ್ ಲೆಕ್ಕದ ಸಾಮಾನ್ಯ ನಿಯಮ ಅದರಲ್ಲಿದೆ. ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಹಾಗಾಗಿ ಅದಕ್ಕೆ ವರ್ಗಮೂಲ ಇಲ್ಲ ಅಂತಲೂ ಹೇಳಿದ್ದಾನೆ. ಎಂ-3 ಪೇಪರಿನಲ್ಲಿ ಕಾಂಪ್ಲೆಕ್ಸ್ ನಂಬರ್ ಕಾಟ ಕೊಟ್ಟಾಗ ಇವನನ್ನು ನೆನೆಸಿಕೊಳ್ಳಬಹುದು. ಮಳಖೇಡದ ಕೋಟೆಯ ಸುತ್ತ ಇವತ್ತು ಸುಣ್ಣಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆ. ಸಾವಿರ ವರ್ಷದ ರಾಜಧಾನಿಯ ಎಷ್ಟೋ ಭಾಗ ಇನ್ನೂ ಮಣ್ಣೊಳಗೇ ಇದೆ.

4. ಚಿಂಚೋಳಿಯ ಕಾಡು, ಎಣಿಸುವ ಕಷ್ಟ

ಕಾಡು ಅಂದ್ರೆ ಪಶ್ಚಿಮಘಟ್ಟ ಅನ್ನೋ ಭಾವನೆ ನಮ್ಮಲ್ಲಿ ಬಲವಾಗಿದೆ. 2011ರಲ್ಲಿ ಘೋಷಣೆಯಾದ ಚಿಂಚೋಳಿ ವನ್ಯಜೀವಿ ಧಾಮ 134.88 ಚದರ ಕಿಲೋಮೀಟರ್. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿ ಧಾಮ ಅಂತ ಇದಕ್ಕೆ ಹೆಸರು. ಚಂದ್ರಂಪಳ್ಳಿ ಜಲಾಶಯ ಇದರೊಳಗೇ ಬರುತ್ತದೆ. ತೋಳ, ಕತ್ತೆಕಿರುಬ, ನರಿ, ಕೃಷ್ಣಮೃಗ, ಕೊಂಡಕುರಿ ಇಲ್ಲಿ ದಾಖಲಾದ ಪ್ರಾಣಿಗಳು. ಶ್ರೀಗಂಧ, ರಕ್ತಚಂದನದ ಮರಗಳೂ ಇವೆ.

ಬಾಲ್ಯದ ಕಥೆಗಳಲ್ಲಿ ಕುರಿ ಕದಿಯುವ ಕಳ್ಳನಾಗಿ ಬರುವ ತೋಳ ವಿಜ್ಞಾನದ ಮಟ್ಟಿಗೆ ಅಮೂಲ್ಯ. 2021ರಲ್ಲಿ ಪ್ರಕಟವಾದ ಜೀನೋಮ್ ಅಧ್ಯಯನದ ಪ್ರಕಾರ ಭಾರತದ ಬಯಲುಸೀಮೆಯ ತೋಳ ಜಗತ್ತಿನ ತೋಳಗಳಲ್ಲೇ ಬಹಳ ಹಳೆಯ ಕವಲುಗಳಲ್ಲೊಂದು. ಅದಕ್ಕೆ ಬೇಕಾದದ್ದು ದಟ್ಟ ಕಾಡಲ್ಲ, ಹುಲ್ಲುಗಾವಲು, ಕುರುಚಲು. ತೊಂದರೆ ಏನಂದ್ರೆ ನಮ್ಮ ಸರ್ಕಾರಿ ನಕ್ಷೆಗಳಲ್ಲಿ ಕುರುಚಲು ನೆಲ ಬಹಳ ಸಲ ‘ಪಾಳುಭೂಮಿ’ ಅನ್ನೋ ಪಟ್ಟಿಗೆ ಸೇರುತ್ತದೆ. ಪಾಳು ಅಂತ ಬರೆದ ಮೇಲೆ ಯಾರು ಏನು ಬೇಕಾದರೂ ಕಟ್ಟಬಹುದು ಅನ್ನೋ ಧೈರ್ಯ ಬರುತ್ತದೆ.

ರಾತ್ರಿ ತಿರುಗುವ ಕತ್ತೆಕಿರುಬವನ್ನು ಎಣಿಸೋದು ಹೇಗೆ? ಅದರ ಮೈಮೇಲಿನ ಪಟ್ಟೆ ನಮ್ಮ ಬೆರಳಚ್ಚಿನ ಹಾಗೆ, ಒಂದರದ್ದು ಇನ್ನೊಂದಕ್ಕಿಲ್ಲ. ಎಡ ಮಗ್ಗುಲಿನ ಪಟ್ಟೆ ಬಲ ಮಗ್ಗುಲಿಗೂ ಹೊಂದೋದಿಲ್ಲ, ಹಾಗಾಗಿ ದಾರಿಯ ಎರಡೂ ಕಡೆ ಕ್ಯಾಮೆರಾ ಕಟ್ಟಬೇಕು. ಆಮೇಲೆ ‘ಹಿಡಿ, ಮತ್ತೆ ಹಿಡಿ’ ಲೆಕ್ಕ. ಉದಾಹರಣೆಗೆ ಮೊದಲ ಸುತ್ತಿನಲ್ಲಿ 10 ಪ್ರಾಣಿಗಳ ಫೋಟೊ ಸಿಕ್ಕಿತು ಅನ್ನಿ. ಎರಡನೇ ಸುತ್ತಿನಲ್ಲಿ 8 ಸಿಕ್ಕವು, ಅದರಲ್ಲಿ 4 ಹಳೆಯವೇ. ಎರಡನೇ ಸುತ್ತಿನಲ್ಲಿ ಅರ್ಧದಷ್ಟು ಹಳೆಯವು ಅಂದ್ರೆ ಮೊದಲ ಸುತ್ತಿನ 10 ಒಟ್ಟು ಸಂಖ್ಯೆಯ ಅರ್ಧ. ಒಟ್ಟು ಸುಮಾರು 20. ಹತ್ತನ್ನು ಎಂಟರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೂ ಅದೇ.

ನಡುವೆ ಪ್ರಾಣಿಗಳು ಹೊರಗೆ ಹೋಗಿಲ್ಲ, ಹೊಸವು ಬಂದಿಲ್ಲ, ಎಲ್ಲವೂ ಕ್ಯಾಮೆರಾ ಮುಂದೆ ಬರುವ ಸಾಧ್ಯತೆ ಒಂದೇ ಅನ್ನೋ ಊಹೆಗಳು ಇದರೊಳಗಿವೆ. ಆ ಊಹೆ ತಪ್ಪಿದರೆ ಅಂಕಿ ತಪ್ಪು. ಮಷಿನ್ ಲರ್ನಿಂಗ್ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಸಿ.ಎಸ್. ಗೆಳೆಯರೇ, ಪಟ್ಟೆ ಹೊಂದಿಸಿ ಪ್ರಾಣಿ ಗುರುತಿಸುವ ಪ್ರೋಗ್ರಾಂ ಒಳ್ಳೆಯ ವಿಷಯ.

ಈ ಕಾಡಿನ ಒಳಗೂ ಅಂಚಿಗೂ ಲಂಬಾಣಿ ತಾಂಡಾಗಳಿವೆ. ಅಲ್ಲಿನ ಹಿರಿಯರಿಗೆ ಯಾವ ಹಳ್ಳದಲ್ಲಿ ಬೇಸಿಗೆಯಲ್ಲೂ ನೀರು ಉಳಿಯುತ್ತದೆ, ಯಾವ ದಾರಿಯಲ್ಲಿ ತೋಳ ಬರುತ್ತದೆ ಅನ್ನೋದು ಕ್ಯಾಮೆರಾ ಕಟ್ಟುವ ಮೊದಲೇ ಗೊತ್ತಿರುತ್ತದೆ. ಧಾಮದ ಗಡಿ ಎಳೆದಾಗ ಅವರ ದನ ಮೇಯುವ ಜಾಗ, ಸೌದೆ, ಉಳುಮೆಯ ಹಕ್ಕು ಏನಾಗುತ್ತದೆ ಅನ್ನೋದು ಪ್ರಾಣಿ ಎಣಿಕೆಯಷ್ಟೇ ಗಂಭೀರ ಪ್ರಶ್ನೆ. 2006ರ ಅರಣ್ಯ ಹಕ್ಕು ಕಾಯ್ದೆ ಬಂದದ್ದೇ ಇಂಥ ಪ್ರಶ್ನೆಗಳಿಗಾಗಿ.

5. ಗಡಿಕೇಶ್ವಾರದ ನಡುಗುವ ನೆಲ

2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲೂಕಿನ ಗಡಿಕೇಶ್ವಾರ ಮತ್ತು ಸುತ್ತಲಿನ ಊರುಗಳಲ್ಲಿ ಭೂಮಿಯೊಳಗಿಂದ ಭಾರೀ ಸದ್ದು, ಹಿಂದೆಯೇ ಕಂಪನ. ಅಕ್ಟೋಬರ್ 11ರ ರಾತ್ರಿ ಹತ್ತರ ಸುಮಾರಿಗೆ ಆದ ಕಂಪನದ ತೀವ್ರತೆ 4.1. ಜನ ಬಯಲಲ್ಲಿ ಮಲಗಿದರು. ಎಷ್ಟೋ ಮನೆಯವರು ಕೀಲಿ ಹಾಕಿ ನೆಂಟರ ಊರಿಗೆ ಹೋದರು. ಅವರ ಹೆದರಿಕೆಗೆ ಕಾರಣ ಇತ್ತು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಗಿ ಹತ್ತಿರ ಹತ್ತಿರ ಹತ್ತು ಸಾವಿರ ಜನ ಸತ್ತದ್ದು ನಮ್ಮ ಕಡೆಯ ಹಿರಿಯರಿಗೆ ಇನ್ನೂ ನೆನಪಿದೆ.

ಹೋಲಿಸಿ ನೋಡೋಣ. ಕಿಲ್ಲಾರಿಯ ತೀವ್ರತೆ 6.2. ವ್ಯತ್ಯಾಸ 2.1. ತೀವ್ರತೆ ಒಂದು ಹೆಚ್ಚಿದರೆ ಶಕ್ತಿ ಸುಮಾರು 32 ಪಟ್ಟು. 2.1ನ್ನು 1.5ರಿಂದ ಗುಣಿಸಿದರೆ 3.15, ಹತ್ತರ ಘಾತ 3.15 ಅಂದ್ರೆ ಸುಮಾರು 1,400. ಕಿಲ್ಲಾರಿಯ ಒಂದು ಹೊಡೆತಕ್ಕೆ ಗಡಿಕೇಶ್ವಾರದಂಥ 1,400 ಕಂಪನ ಬೇಕು. ಈ ಒಂದು ಲೆಕ್ಕ ಊರಿನ ಜನರಿಗೆ ಬಿಡಿಸಿ ಹೇಳಿದರೆ ಎಷ್ಟೋ ಸಮಾಧಾನ.

ಕಾರಣ ಏನು? ಗಣಿ ಸ್ಫೋಟ ಅಂತ ಕೆಲವರು ಅಂದರು. ಸಿಸ್ಮೋಗ್ರಾಫ್ ಓದುವವರಿಗೆ ಇದನ್ನು ಬೇರೆ ಮಾಡೋಕೆ ದಾರಿ ಇದೆ. ಸ್ಫೋಟದಲ್ಲಿ ನೆಲ ಎಲ್ಲ ದಿಕ್ಕಿಗೂ ಹೊರಕ್ಕೇ ತಳ್ಳುತ್ತದೆ, ಹಾಗಾಗಿ ಸುತ್ತಲಿನ ಎಲ್ಲ ಕೇಂದ್ರಗಳಲ್ಲೂ ಮೊದಲ ಅಲುಗು ಒಂದೇ ಬಗೆ. ಭೂಕಂಪದಲ್ಲಿ ಬಿರುಕಿನ ಎರಡು ಮಗ್ಗುಲು ಜಾರುತ್ತವೆ, ಹಾಗಾಗಿ ಕೆಲವು ಕಡೆ ತಳ್ಳು, ಕೆಲವು ಕಡೆ ಎಳೆತ. ದೂರ ತಿಳಿಯೋಕೆ ಇನ್ನೊಂದು ಸುಲಭ ಸೂತ್ರ: ವೇಗದ ಪಿ ಅಲೆ ಮತ್ತು ನಿಧಾನದ ಎಸ್ ಅಲೆ ಬರುವ ನಡುವಿನ ಸೆಕೆಂಡನ್ನು ಸುಮಾರು 8ರಿಂದ ಗುಣಿಸಿದರೆ ಕಿಲೋಮೀಟರಿನಲ್ಲಿ ದೂರ. ಎರಡು ಸೆಕೆಂಡ್ ಅಂತರ ಅಂದ್ರೆ ಸುಮಾರು 16 ಕಿಲೋಮೀಟರ್. ಮೂರು ಕೇಂದ್ರಗಳಿಂದ ಮೂರು ವೃತ್ತ ಎಳೆದರೆ ಅವು ಸೇರುವಲ್ಲಿ ಕೇಂದ್ರಬಿಂದು.

ತಜ್ಞರು ಹೇಳಿದ ವಿವರಣೆ ‘ಹೈಡ್ರೋಸಿಸ್ಮಿಸಿಟಿ’, ಅಂದ್ರೆ ನೀರಿನಿಂದ ಕೆರಳುವ ಕಂಪನ. ಜೋರು ಮಳೆಗಾಲದ ನಂತರ ನೀರು ಕಲ್ಲಿನ ಬಿರುಕುಗಳಲ್ಲಿ ಇಳಿಯುತ್ತದೆ. ಇದು ಅರ್ಥವಾಗೋಕೆ ಸಿವಿಲ್‌ನವರಿಗೆ ಟೆರ್ಜಾಗಿ ಸಾಕು: ಜಾರದಂತೆ ತಡೆಯುವ ಬಲ ನಿಂತಿರೋದು ಒಟ್ಟು ಒತ್ತಡದ ಮೇಲಲ್ಲ, ಒಟ್ಟು ಒತ್ತಡದಲ್ಲಿ ರಂಧ್ರದ ನೀರಿನ ಒತ್ತಡ ಕಳೆದು ಉಳಿದದ್ದರ ಮೇಲೆ. ನೀರಿನ ಒತ್ತಡ ಏರಿದರೆ ಹಿಡಿತ ಸಡಿಲ. ಮೊದಲೇ ಬಿಗಿದುಕೊಂಡಿದ್ದ ಹಳೆಯ ಬಿರುಕು ಸ್ವಲ್ಪ ಜಾರುತ್ತದೆ. ಆಳ ಕಡಿಮೆ ಇದ್ದರೆ ಸಣ್ಣ ಕಂಪನಕ್ಕೂ ದೊಡ್ಡ ಸದ್ದು. 1967ರ ಡಿಸೆಂಬರಿನ ಕೊಯ್ನಾ ಭೂಕಂಪದ ನಂತರ ಜಲಾಶಯದ ನೀರಿಗೂ ಕಂಪನಕ್ಕೂ ಇರುವ ನಂಟಿನ ಅಧ್ಯಯನಕ್ಕೆ ಜಗತ್ತಿನಲ್ಲೇ ಮಹಾರಾಷ್ಟ್ರದ ಆ ಜಾಗ ಹೆಸರಾಯಿತು.

ಕಾರಣ ಗೊತ್ತಾದರೂ ಕೆಲಸ ಮುಗಿಯೋದಿಲ್ಲ. ಕಿಲ್ಲಾರಿಯಲ್ಲಿ ಕೊಂದದ್ದು ಮನೆ: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರವಾದ ಮಣ್ಣಿನ ಮಾಳಿಗೆ. ಅಂಥ ಮನೆಗಳು ನಮ್ಮ ಹಳ್ಳಿಗಳಲ್ಲಿ ಇನ್ನೂ ಬೇಕಾದಷ್ಟಿವೆ. ಕಿಲ್ಲಾರಿ ಆಗ ಅತಿ ಕಡಿಮೆ ಅಪಾಯದ ಮೊದಲ ವಲಯದಲ್ಲಿತ್ತು ಅನ್ನೋದನ್ನೂ ಮರೀಬಾರದು. ಗೋಡೆಯ ಎರಡೂ ಮುಖ ಹಿಡಿಯುವ ಉದ್ದ ಕಲ್ಲುಗಳು, ಬಾಗಿಲ ಮೇಲ್ಮಟ್ಟದಲ್ಲಿ ಸುತ್ತಲೂ ಒಂದು ಪಟ್ಟಿ, ಮೂಲೆಗಳ ಬಂಧ, ಮಾಳಿಗೆಯ ಭಾರ ಇಳಿಸುವುದು, ಇಷ್ಟು ಮಾಡಿದರೆ ಗೋಡೆ ಸೀಳಿ ಬೀಳೋದು ಬಹಳ ಕಡಿಮೆಯಾಗುತ್ತದೆ. ಇಂಥ ಕಟ್ಟಡಗಳಿಗೆಂದೇ ಐಎಸ್ 13828 ಮಾರ್ಗಸೂಚಿ 1993ರಲ್ಲೇ ಬಂದಿದೆ. ನಮ್ಮ ಲೈಬ್ರರಿಗಳಲ್ಲಿ ಅದರ ಧೂಳು ಒರೆಸುವವರು ಬೇಕು.

ನಮ್ಮ ಪಾಲಿನ ಕೆಲಸ

ಮೇಲಿನ ಐದೂ ಅಧ್ಯಾಯಗಳಲ್ಲಿ ಒಂದು ಸಂಗತಿ ಮತ್ತೆ ಮತ್ತೆ ಬರುತ್ತದೆ. ಇಸಾಂಪುರ ಬಯಲಾಗಿದ್ದು ನೀರಾವರಿಯ ಅಗೆತದಿಂದ. ಮಸ್ಕಿ ಸಿಕ್ಕಿದ್ದು ಗಣಿ ಇಂಜಿನಿಯರಿಗೆ. ಸನ್ನತಿಯ ಶಾಸನ ಹೊರಬಂದದ್ದು ಕಟ್ಟಡ ಕುಸಿದಾಗ. ನೆಲ ಅಗೆಯುವವರು ನಾವು, ಹಾಗಾಗಿ ಮೊದಲು ನೋಡುವವರೂ ನಾವೇ. ಮೊದಲು ನಾಶ ಮಾಡಬಲ್ಲವರೂ ನಾವೇ. ಸುಣ್ಣಕಲ್ಲು ಒಮ್ಮೆ ಗೂಡಿಗೆ ಹೋದರೆ ಅದರೊಳಗಿನ ಚುವಾರಿಯಾ ಆಗಲಿ, ಮೇಲಿದ್ದ ಕೈಗೊಡಲಿ ಆಗಲಿ ವಾಪಸ್ ಬರೋದಿಲ್ಲ.

ಗಣಿ ಬೇಡ, ಸಿಮೆಂಟ್ ಬೇಡ ಅಂತ ನಾವು ಹೇಳ್ತಾ ಇಲ್ಲ. ನಮ್ಮ ಎಷ್ಟೋ ಗೆಳೆಯರ ಮನೆ ನಡೆಯೋದು ಅದರಿಂದಲೇ, ನಾಳೆ ನಮ್ಮ ಪ್ಲೇಸ್‌ಮೆಂಟೂ ಅಲ್ಲೇ ಆಗಬಹುದು. ಆದರೆ ಅಲ್ಲಿ ಕೂತಾಗ ಮಾಡಬಹುದಾದದ್ದು ಇಷ್ಟಿದೆ.

ಒಂದು, 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆಯ ಪ್ರಕಾರ ದೊಡ್ಡ ಗಣಿಗಳಿಗೆ ವರದಿ ಮತ್ತು ಸಾರ್ವಜನಿಕ ಅಹವಾಲು ಸಭೆ ಬೇಕು. ಆ ವರದಿ ಓದೋದು ಕಲೀರಿ. ಬೇರೆ ಊರಿನ ಪ್ರಾಣಿ ಪಟ್ಟಿಯನ್ನು ಕಾಪಿ ಹೊಡೆದಿದ್ದರೆ ಸ್ಥಳೀಯರಿಗೆ ತಕ್ಷಣ ಗೊತ್ತಾಗುತ್ತದೆ.

ಎರಡು, ಅಗೆಯುವಾಗ ಹಳೆಯ ವಸ್ತು ಕಂಡರೆ ಕೆಲಸ ನಿಲ್ಲಿಸಿ, ಜಾಗ ಬದಲಿಸದೆ ಅಳತೆಯ ಪಟ್ಟಿ ಇಟ್ಟು ಫೋಟೊ ತೆಗೆದು, ಜಿಪಿಎಸ್ ಬರೆದು, ಪುರಾತತ್ವ ಇಲಾಖೆಗೆ ತಿಳಿಸಿ. ನೆಲದೊಳಗೆ ಸಿಕ್ಕ ಬೆಲೆಬಾಳುವ ವಸ್ತುವಿನ ಬಗ್ಗೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ ನಿಧಿ ಕಾಯ್ದೆಯೇ ಹೇಳುತ್ತದೆ. ವಸ್ತುವನ್ನು ಎತ್ತಿ ಮನೆಗೆ ತಂದರೆ ಅದು ಬರೀ ಕಲ್ಲು. ಪದರದಲ್ಲೇ ಇದ್ದರೆ ಮಾತ್ರ ಸಾಕ್ಷಿ.

ಮೂರು, ಅಳತೆ ಇಡೋಣ. ಊರಿನ ಒಂದು ಬಾವಿಯ ನೀರಿನ ಮಟ್ಟ ತಿಂಗಳಿಗೊಮ್ಮೆ, ಮಳೆಯ ಲೆಕ್ಕ ದಿನಕ್ಕೊಮ್ಮೆ, ಕಂಪನ ಅಥವಾ ಸದ್ದು ಕೇಳಿದರೆ ಗಡಿಯಾರ ನೋಡಿ ಸಮಯ. ಐದು ವರ್ಷ ಹೀಗೆ ಬರೆದರೆ ಗಡಿಕೇಶ್ವಾರದಂಥ ಪ್ರಶ್ನೆಗೆ ಮಳೆ, ಬಾವಿ, ಕಂಪನ ಮೂರನ್ನೂ ಒಂದೇ ಗ್ರಾಫಿನಲ್ಲಿ ಹಾಕಿ ನೋಡಬಹುದು. ಇದಕ್ಕೆ ಲಕ್ಷಗಟ್ಟಲೆ ಹಣ ಬೇಡ, ಒಂದು ಹಗ್ಗ, ಒಂದು ಟೇಪು, ಒಂದು ನೋಟ್‌ಬುಕ್ ಸಾಕು.

ಈ ಸಲ ರಜೆಗೆ ಊರಿಗೆ ಹೋದಾಗ ಶುರು ಮಾಡ್ರಿ. ಆಡಕಿಯವರು ಆಡಕಿಯಲ್ಲಿ, ವಾಡಿಯವರು ವಾಡಿಯಲ್ಲಿ, ಚಿಂಚೋಳಿಯವರು ಚಿಂಚೋಳಿಯಲ್ಲಿ. ಬರೆದಿಟ್ಟ ಅಂಕಿಗಳನ್ನು ಸಂಘಕ್ಕೆ ಕಳಿಸಿ, ಎಲ್ಲ ಊರಿನದ್ದೂ ಸೇರಿಸಿ ಒಂದೇ ಪಟ್ಟಿ ಮಾಡೋಣ.